ಬಾಡಿಗೆ ನಿಂತಲ್ಲೇ ನಿಂತಾಗ

ಮುಂಬಯಿಯ ಹಳೇ ಕಟ್ಟಡಗಳು ಯಾಕೆ ಹೀಗೆ ಕುಸಿಯುತ್ತವೆ ಎಂದು ಊರಿನವರು ಕೇಳಿದಾಗೆಲ್ಲ ನಾನು 1947ರ ಬಾಡಿಗೆ ಕಾಯ್ದೆಯಿಂದಲೇ ಮಾತು ಎತ್ತುತ್ತೇನೆ. ಯುದ್ಧ ಮುಗಿದಿತ್ತು, ದೇಶ ಒಡೆದಿತ್ತು, ನಗರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರ್ಕಾರ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ದರಕ್ಕೆ ಕಟ್ಟಿಹಾಕಿತು. ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ನನ್ನಪ್ಪ ಗಿರಗಾಂವ್‌ನ ಚಾಳಿನಲ್ಲಿ ಖೋಲಿ ಹಿಡಿದು ಸಂಸಾರ ಹೂಡಿದ್ದು ಆ ಕಾಯ್ದೆಯ ನೆರಳಿನಲ್ಲಿ. ಅದರ ಋಣ ನನ್ನ ಮೇಲಿದೆ.

ಆದರೆ ಕಾಯ್ದೆಯ ಗಡುವು ಮುಗಿದಾಗಲೆಲ್ಲ ಅದನ್ನೇ ಮುಂದುವರಿಸುತ್ತ ಹೋದರು. ಸಿಮೆಂಟಿನ ಬೆಲೆ ಏರಿತು, ಗಾರೆಯವರ ಕೂಲಿ ಏರಿತು, ಬಾಡಿಗೆ ಮಾತ್ರ ಏರಲಿಲ್ಲ. ಮಾಲೀಕರು ರಿಪೇರಿ ಕೈಬಿಟ್ಟರು. ಮೋರಿಯ ನೀರು ಇಂಗಿ ಇಂಗಿ, ಮರದ ತೊಲೆಗಳ ತುದಿ ಗೋಡೆಯೊಳಗೇ ಲಡ್ಡಾಯಿತು. ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೆ ಹಿಡಿತವಿಲ್ಲ.

1969ರಲ್ಲಿ ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾಯ್ದೆ ಬಂತು. ಹಳೆಯ ಖಾಸಗಿ ಕಟ್ಟಡಗಳಿಂದ ಸೆಸ್ ವಸೂಲು ಮಾಡಿ, ಆ ಹಣದಲ್ಲಿ ಸರ್ಕಾರವೇ ರಿಪೇರಿ ಮಾಡಿಸುವ ಏರ್ಪಾಡು. ಪಟ್ಟಿಗೆ ಸೇರಿದ ಕಟ್ಟಡಗಳು 19,642. 1977ರಲ್ಲಿ ಈ ಕೆಲಸ ರಾಜ್ಯದ ಗೃಹನಿರ್ಮಾಣ ಸಂಸ್ಥೆ ಮ್ಹಾಡಾದ ಪಾಲಾಯಿತು. ಖರ್ಚಿಗೆ ಚದರ ಮೀಟರಿಗೆ ಇಷ್ಟೇ ಎಂಬ ಮಿತಿಯಿತ್ತು. ಅದು ಮೀರಿದರೆ ಕಟ್ಟಡ ರಿಪೇರಿಗೆ ಲಾಯಕ್ಕಿಲ್ಲ, ಜನ ಟ್ರಾನ್ಸಿಟ್ ಕ್ಯಾಂಪೆಂಬ ತಾತ್ಕಾಲಿಕ ವಸತಿಗೆ. ಹಾಗೆ ಹೋದವರಲ್ಲಿ ಎಷ್ಟೋ ಮಂದಿ ದಶಕಗಳಾದರೂ ಮರಳಲಿಲ್ಲ, ಅವರ ಮಕ್ಕಳು ಅಲ್ಲೇ ಬೆಳೆದು ಮದುವೆಯಾದರು. ಇದನ್ನು ಕಂಡೇ ನಮ್ಮ ಚಾಳಿನ ಹಿರಿಯರು ನೋಟಿಸ್ ಬಂದರೂ ಹೊಸ್ತಿಲು ಬಿಟ್ಟು ಕದಲುತ್ತಿರಲಿಲ್ಲ. ಅವರನ್ನು ಹಟಮಾರಿಗಳು ಎನ್ನುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮ್ಹಾಡಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದಿಟ್ಟ ಹೆಜ್ಜೆ. ತಿಂಗಳ ಬಾಡಿಗೆಯ 100 ಪಟ್ಟು ಕೊಟ್ಟರೆ ಬಾಡಿಗೆದಾರರ ಸಹಕಾರ ಸಂಘಕ್ಕೆ ಕಟ್ಟಡ ದಕ್ಕುವಂತೆ ಅದು ದಾರಿ ಮಾಡಿತು. ಮಾಲೀಕರು ಕೋರ್ಟಿಗೆ ಹೋದರು. ಬಾಡಿಗೆ ಕಾಯ್ದೆಯೂ ಕಟಕಟೆ ಹತ್ತಿತು: ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ, 1940ರ ಬಾಡಿಗೆಯನ್ನೇ ಹಿಡಿದು ಕೂರುವುದು ಇನ್ನು ನ್ಯಾಯವಲ್ಲ ಎಂದಿತು. 2000ದಿಂದ ಜಾರಿಯಾದ ಹೊಸ ಕಾಯ್ದೆ ವರ್ಷಕ್ಕೆ ಶೇ 4ರ ಏರಿಕೆಗೆ ಒಪ್ಪಿತು. ಅರ್ಧ ಶತಮಾನದ ರಿಪೇರಿ ಬಾಕಿಗೆ ಅದು ಯಾವ ಮೂಲೆಗೂ ಸಾಲಲಿಲ್ಲ. 2017ರಲ್ಲಿ ಭೇಂಡಿ ಬಜಾರ್‌ನ ಹುಸೈನಿ ಕಟ್ಟಡ ಬಿದ್ದು 30ಕ್ಕೂ ಹೆಚ್ಚು ಜನ ಸತ್ತರು.

1986ರ ತಿದ್ದುಪಡಿಯ ವಿರುದ್ಧ ಮಾಲೀಕರು ಹೂಡಿದ್ದ ದಾವೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪನ್ಮೂಲವಲ್ಲ ಎಂದು 2024ರ ನವೆಂಬರ್ 5ರಂದು ಬಹುಮತದ ತೀರ್ಪು ಬಂತು.