ಸಭಾಂಗಣದೊಳಗೆ ಕಟ್ಟಿದ ಚಿತ್ರಶಾಲೆ

ಮುಂಬ್ರಾದಲ್ಲಿ ಸ್ಲೋ ಲೋಕಲ್ ಹತ್ತಿದವರು ಠಾಣೆ, ಕುರ್ಲಾ, ದಾದರ್ ದಾಟಿ ಸಿಎಸ್‌ಎಂಟಿಯಲ್ಲಿ ಇಳಿದು ದಕ್ಷಿಣಕ್ಕೆ ಎರಡು ಕಿಲೋಮೀಟರಿನಷ್ಟು ನಡೆದರೆ ರೀಗಲ್ ಸಿನಿಮಾದ ವೃತ್ತ ಸಿಗುತ್ತದೆ. ಅಲ್ಲೇ, ಮಹಾತ್ಮ ಗಾಂಧಿ ರಸ್ತೆಯ ಬದಿಯಲ್ಲಿ, ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಹೆಸರು ಹೊಸದು, ಕಟ್ಟಡ ಹಳೆಯದು. ಇದು 1911ರ ಸರ್ ಕಾವಸ್‌ಜೀ ಜಹಾಂಗೀರ್ ಹಾಲ್.

ಪಾರ್ಸಿ ದಾನಿ ಕಾವಸ್‌ಜೀ ಜಹಾಂಗೀರ್ ಕೊಟ್ಟ ಹಣದಲ್ಲಿ ಈ ಹಾಲ್ ಎದ್ದಿತು. ನಕ್ಷೆ ಜಾರ್ಜ್ ವಿಟೆಟ್ ಅವರದು. ಗೇಟ್‌ವೇ ಆಫ್ ಇಂಡಿಯಾವನ್ನೂ, ಎದುರಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನೂ ರೂಪಿಸಿದವರು ಇವರೇ. ಹಾಲ್ ಕಟ್ಟಿದ್ದು ಚಿತ್ರಗಳಿಗಾಗಿ ಅಲ್ಲ, ಜನ ಸೇರುವುದಕ್ಕಾಗಿ. ಸಂಗೀತ ಕಚೇರಿಗಳು ನಡೆದವು, ರಾಜಕೀಯ ಸಭೆಗಳು ನಡೆದವು. ಪೂನಾ ಒಪ್ಪಂದವಾದ ಕೆಲವೇ ದಿನಗಳಿಗೆ, 1932ರ ಸೆಪ್ಟೆಂಬರ್ 30ರಂದು, ಮದನ ಮೋಹನ ಮಾಳವೀಯರ ಅಧ್ಯಕ್ಷತೆಯಲ್ಲಿ ಇಲ್ಲಿ ಸೇರಿದ ಸಾರ್ವಜನಿಕ ಸಭೆ ಅಸ್ಪೃಶ್ಯತಾ ವಿರೋಧಿ ಸಂಘವೊಂದನ್ನು ಸ್ಥಾಪಿಸಲು ತೀರ್ಮಾನಿಸಿತು. ಮುಂದೆ ಹರಿಜನ ಸೇವಕ ಸಂಘವಾದದ್ದು ಅದೇ.

ಸ್ವಾತಂತ್ರ್ಯದ ನಂತರ ನಗರದಲ್ಲಿ ಹವಾನಿಯಂತ್ರಿತ ಸಭಾಂಗಣಗಳು ಬಂದವು. ಈ ಹಾಲಿಗೆ ಬೇಡಿಕೆ ಕುಗ್ಗಿತು. ಬಾಕ್ಸಿಂಗ್ ಪಂದ್ಯ, ಕಾರ್ಮಿಕ ಸಂಘಗಳ ಸಭೆ, ಮದುವೆ, ರಿಯಾಯಿತಿ ಮಾರಾಟ, ಹೀಗೆ ಬಾಡಿಗೆ ಕೊಟ್ಟವರಿಗೆಲ್ಲ ಬಾಗಿಲು ತೆರೆಯಿತು. ನೋಡಿಕೊಳ್ಳುವವರಿಲ್ಲದೆ ಸೊರಗಿತು.

ಅಷ್ಟರಲ್ಲಿ ಹತ್ತಿರದಲ್ಲೇ ಅದೇ ಮನೆತನದ ಇನ್ನೊಂದು ದಾನ ಕಲಾವಿದರ ಪಾಲಿಗೆ ಬಂದಿತ್ತು. 1952ರ ಜಹಾಂಗೀರ್ ಆರ್ಟ್ ಗ್ಯಾಲರಿ. ಅದು ಆಗಲಿ ಎಂದು ಒತ್ತಾಯಿಸಿದವರಲ್ಲಿ ಇಬ್ಬರು ಮುಖ್ಯರು: ವಿಜ್ಞಾನಿ ಹೋಮಿ ಭಾಭಾ ಮತ್ತು ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಮುಂಬೈಗೆ ಬಂದು ನೆಲೆಸಿದ ಕೆ.ಕೆ. ಹೆಬ್ಬಾರ್. ಆದರೆ ಬಾಡಿಗೆಗೆ ದೊರೆಯುವ ಗ್ಯಾಲರಿಯೇ ಬೇರೆ, ಕೃತಿಗಳನ್ನು ಕೂಡಿಟ್ಟು ಕಾಲಕಾಲಕ್ಕೆ ಹೊರತೆಗೆದು ತೋರಿಸುವ ರಾಷ್ಟ್ರೀಯ ಸಂಗ್ರಹಾಲಯವೇ ಬೇರೆ. ಅಂಥದ್ದು ಆಗ ಇದ್ದುದು ದೆಹಲಿಯಲ್ಲಿ ಮಾತ್ರ. ಸೊರಗಿದ ಹಾಲನ್ನು ಅದಕ್ಕೆ ಕೊಡಿ ಎಂದು ಶಿಲ್ಪಿ ಪೀಲೂ ಪೋಚ್‌ಖಾನಾವಾಲಾ, ಗ್ಯಾಲರಿ ನಡೆಸುತ್ತಿದ್ದ ಕೇಕೂ ಗಾಂಧಿ ಮೊದಲಾದವರು ಬೆನ್ನು ಹತ್ತಿದರು.

ಕೆಲಸ ಹತ್ತು ವರ್ಷಕ್ಕೂ ಮೀರಿ ಎಳೆಯಿತು. ತೊಡಕು ಕಟ್ಟಡದ ಸ್ವಭಾವದಲ್ಲೇ ಇತ್ತು. ಸಭಾಂಗಣ ಎಂದರೆ ಒಂದೇ ದೊಡ್ಡ ಬಯಲು. ಎಲ್ಲರಿಗೂ ವೇದಿಕೆ ಕಾಣಬೇಕು, ಗಾಳಿ ಬೆಳಕು ಆಡಬೇಕು. ಚಿತ್ರಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಉದ್ದನೆಯ ಗೋಡೆ, ಹದವಾದ ಬೆಳಕು, ತೇವದಿಂದ ರಕ್ಷಣೆ. ವಾಸ್ತುಶಿಲ್ಪಿ ರೋಮಿ ಖೋಸ್ಲಾ ಹೊರಮೈಯನ್ನು ಹಾಗೆಯೇ ಉಳಿಸಿ, ಒಳಗೆ ಮೆಟ್ಟಿಲುಗಳಿಂದ ಜೋಡಿಸಿದ ಅರ್ಧವೃತ್ತದ ಅಂತಸ್ತುಗಳನ್ನು ಕೂರಿಸಿದರು. ಏರುತ್ತಾ ಹೋದರೆ ಕೊನೆಗೆ ಗುಮ್ಮಟದ ಕೆಳಗಿನ ಗ್ಯಾಲರಿ. ಕಟ್ಟಡ ಉಳಿಯಿತು, ಚಿತ್ರಗಳಿಗೆ ಜಾಗವಾಯಿತು. ಆದರೆ 1932ರ ಆ ಸಭೆ ಕೂತಿದ್ದ ಹಾಲನ್ನು ಇಡಿಯಾಗಿ ನೋಡುವುದು ಇನ್ನು ಸಾಧ್ಯವಿಲ್ಲ.

ಗ್ಯಾಲರಿ ತೆರೆದದ್ದು 1996ರ ಡಿಸೆಂಬರಿನಲ್ಲಿ. ಪೀಲೂ 1986ರಲ್ಲೇ ತೀರಿಕೊಂಡಿದ್ದರು. ಹಾಲ್ ಎದ್ದ 1911ರಲ್ಲೇ ಹುಟ್ಟಿದ ಹೆಬ್ಬಾರರು ಗ್ಯಾಲರಿ ತೆರೆಯುವ ಒಂಬತ್ತು ತಿಂಗಳ ಮೊದಲು, ಮಾರ್ಚಿನಲ್ಲಿ, ಹೋದರು.

2009ರ ಫೆಬ್ರವರಿಯಲ್ಲಿ ಇದೇ ಸಂಸ್ಥೆಯ ಬೆಂಗಳೂರು ಶಾಖೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ತೆರೆಯಿತು. ಅಲ್ಲಿ ಸಮಸ್ಯೆ ತಿರುವುಮುರುವು. ಅದು ವಾಸದ ಬಂಗಲೆ. ಕೋಣೆಗಳು ಹಲವು, ದೊಡ್ಡ ಗೋಡೆ ಇಲ್ಲ. ಹಾಗಾಗಿ ಬಂಗಲೆಯನ್ನು ಹಾಗೆಯೇ ದುರಸ್ತಿ ಮಾಡಿ, ದೊಡ್ಡ ಪ್ರದರ್ಶನಗಳಿಗೆ ಪಕ್ಕದಲ್ಲಿ ಹೊಸ ಕಟ್ಟಡ ಕಟ್ಟಿದರು. ಹಳೆಯದರ ಹೊಟ್ಟೆ ಬಗೆಯಬೇಕಾಗಲಿಲ್ಲ. ಮುಂಬೈಯ ಆ ಮೂಲೆಯಲ್ಲಿ ಅಂಥ ಖಾಲಿ ನೆಲ ಎಲ್ಲಿತ್ತು?

ಎರಡೂ ಊರಿನ ಕಲಾವಿದರಿಗೆ ಒಂದೇ ಪ್ರಶ್ನೆ ಎದುರಾದದ್ದು 2019ರ ಫೆಬ್ರವರಿಯಲ್ಲಿ. ಮುಂಬೈ ಗ್ಯಾಲರಿಯಲ್ಲಿ ಚಿತ್ರಕಾರ ಪ್ರಭಾಕರ ಬರ್ವೆ ಅವರ ಕೃತಿಗಳ ಪ್ರದರ್ಶನದ ಉದ್ಘಾಟನೆ. ನಟ, ನಿರ್ದೇಶಕ ಅಮೋಲ್ ಪಾಲೇಕರ್ ಮಾತಾಡುತ್ತಿದ್ದರು. ಮುಂಬೈ, ಬೆಂಗಳೂರು ಎರಡೂ ಶಾಖೆಗಳಲ್ಲಿದ್ದ ಸ್ಥಳೀಯ ಕಲಾವಿದರ ಸಲಹಾ ಸಮಿತಿಗಳನ್ನು ರದ್ದು ಮಾಡಲಾಗಿದೆ, ಏನನ್ನು ತೋರಿಸಬೇಕೆಂದು ಇನ್ನು ದೆಹಲಿಯೇ ನಿರ್ಧರಿಸುತ್ತದೆ ಎಂಬುದು ಅವರ ಆಕ್ಷೇಪ. ಬರ್ವೆ ಬಗ್ಗೆ ಮಾತ್ರ ಮಾತಾಡಿ ಎಂದು ವೇದಿಕೆಯಿಂದ ಮತ್ತೆ ಮತ್ತೆ ತಡೆದರು. ಆ ದೃಶ್ಯವನ್ನು ದೇಶವೇ ನೋಡಿತು.

ಹಳೆಯ ಕಟ್ಟಡವನ್ನು ಕಲಾವಿದರಿಗಾಗಿ ದುರಸ್ತಿ ಮಾಡಿದೆವು ಎನ್ನುವಾಗ ಲೆಕ್ಕಕ್ಕೆ ಬರುವುದು ಕಲ್ಲು, ಗಾರೆ, ಖರ್ಚು, ವರ್ಷ. ಒಳಗೆ ಏನು ನಡೆಯಬೇಕೆಂದು ಹೇಳುವ ಹಕ್ಕು ಯಾರದು ಎಂಬುದು ಆ ಲೆಕ್ಕದಲ್ಲಿ ಇರುವುದಿಲ್ಲ. ಈ ಎರಡು ಬೀದಿಗಳ ಚರಿತ್ರೆ ಬೇರೆಯೇ ಹೇಳುತ್ತದೆ. ಜಹಾಂಗೀರ್ ಗ್ಯಾಲರಿ ಬಂದದ್ದು ಹೆಬ್ಬಾರರಂಥವರು ಕೇಳಿದ್ದರಿಂದ. ಹಾಲ್ ಉಳಿದದ್ದು ಪೀಲೂ ಅವರಂಥವರು ಪಟ್ಟು ಹಿಡಿದದ್ದರಿಂದ. ಸರ್ಕಾರಕ್ಕೆ ತಾನಾಗಿ ಹೊಳೆದದ್ದಲ್ಲ. ಗೋಡೆಗಳನ್ನು ಉಳಿಸಿಕೊಟ್ಟವರ ಮಾತಿಗೆ ಆ ಗೋಡೆಗಳೊಳಗೆ ಎಷ್ಟು ಜಾಗವಿದೆ ಎಂಬ ಪ್ರಶ್ನೆ 2019ರ ಆ ಸಂಜೆಯ ನಂತರವೂ ರೀಗಲ್ ವೃತ್ತದಲ್ಲೂ ಅರಮನೆ ರಸ್ತೆಯಲ್ಲೂ ಉಳಿದುಕೊಂಡಿದೆ.