ಹುಡುಗ ಫೋರ್ಟಿನಲ್ಲಿ, ಅಪ್ಪ ಅಮ್ಮ ಊರಿನಲ್ಲಿ

ಫೋರ್ಟಿನ ಜಿಪಿಒ ಕಟ್ಟಡದ ಗುಮ್ಮಟಕ್ಕೆ ನಮ್ಮ ವಿಜಯಪುರದ ಗೋಳಗುಮ್ಮಟ ಮಾದರಿ ಎಂದು ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿಯ ಈ ಕಟ್ಟಡ ಪೂರ್ತಿಯಾದದ್ದು 1913ರಲ್ಲಿ. ಆದರೆ ಕರಾವಳಿಯಿಂದ ಬಂದು ಇಲ್ಲಿನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ಗುಮ್ಮಟಕ್ಕಿಂತ ಮುಖ್ಯವಾದದ್ದು ಅದರ ಕೆಳಗಿನ ಮನಿಆರ್ಡರ್ ಕೌಂಟರು. ಮನಿಆರ್ಡರ್ ಫಾರಮಿನಲ್ಲಿ ನಾಲ್ಕು ಸಾಲು ಬರೆಯಲು ಒಂದು ಚೂರು ಜಾಗ ಇರುತ್ತಿತ್ತು. ‘ನಾನು ಕ್ಷೇಮ, ಅಮ್ಮನ ಕಾಲುನೋವು ಹೇಗಿದೆ?’ ಹದಿನಾಲ್ಕು ಹದಿನೈದರ ಹುಡುಗನಿಗೂ ಅವನ ಹೆತ್ತವರಿಗೂ ತಿಂಗಳಿಡೀ ನಡೆಯುವ ಮಾತುಕತೆ ಆ ಚೀಟಿಯಷ್ಟೇ. ‘ನಾನು ಕ್ಷೇಮವಾಗಿಲ್ಲ’ ಎಂದು ಅದರಲ್ಲಿ ಯಾರೂ ಬರೆಯುತ್ತಿರಲಿಲ್ಲ. ಹಣದ ಜತೆ ಅಂಥ ಸುದ್ದಿ ಹೋಗುವುದುಂಟೇ?

ನಾನು ಈ ಬೀದಿಗಳಲ್ಲಿ ಕೆಲವು ವರ್ಷ ಆಫೀಸಿಗೆ ಓಡಾಡಿದವನು. ಇಲ್ಲಿನ ಕನ್ನಡ ಚರಿತ್ರೆ ಎಂದರೆ ಸಾಮಾನ್ಯವಾಗಿ ಸಂಘ, ಹೋಟೆಲು, ಯಕ್ಷಗಾನ, ರಾತ್ರಿ ಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ರಾತ್ರಿ ಶಾಲೆ ತೆರೆಯಿತು. ಹಗಲು ದುಡಿದು ರಾತ್ರಿ ಓದಿ ಬ್ಯಾಂಕು, ಕೋರ್ಟು ಸೇರಿದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ನನಗೆ ಕುತೂಹಲ ಇರುವುದು ಆ ಕಥೆಗಳಲ್ಲಿ ಬಾರದವರ ಬಗ್ಗೆ. ಬೆಂಚಿನ ತುದಿಯಲ್ಲಿ ಕೂತು ಮಂಕಾಗುತ್ತ ಹೋದ ಹುಡುಗ, ಊಟ ಬಿಟ್ಟವನು, ಕೆಲಸ ಮುಗಿದರೂ ಅಡುಗೆಕೋಣೆಯಿಂದ ಹೊರಗೆ ಬಾರದವನು. ಖಿನ್ನತೆ ಎಂಬ ಪದ ಆಗ ಯಾರ ಬಾಯಲ್ಲೂ ಇರಲಿಲ್ಲ. ‘ಮಾಣಿಗೆ ಊರಿನ ನೆನಪು ಹತ್ತಿದೆ’ ಎನ್ನುತ್ತಿದ್ದರಂತೆ. ಶಾಲೆಯ ಮಾಸ್ತರರೋ ಹೋಟೆಲಿನ ಧಣಿಯೋ ಗಮನಿಸಿದರೆ ಊರಿಗೆ ಹೋಗುವ ಯಾರ ಜತೆಗಾದರೂ ಕಳಿಸಿಕೊಡುತ್ತಿದ್ದರು ಎಂದು ಹಳಬರು ಹೇಳಿದ್ದನ್ನು ಕೇಳಿದ್ದೇನೆ. ಇದೂ ಒಂದು ಚಿಕಿತ್ಸೆಯೇ, ಹೆತ್ತವರನ್ನು ಸೇರಿಸಿಕೊಂಡ ಚಿಕಿತ್ಸೆ. ಆದರೆ ಅದನ್ನು ಹೊಗಳಲು ಮನಸ್ಸಾಗದು. ಮನಿಆರ್ಡರ್ ನಿಂತ ಮನೆಗೆ ಹುಡುಗ ಮರಳಿದಾಗ ಅಲ್ಲಿ ಏನು ನಡೆಯಿತು ಎಂಬುದನ್ನು ಯಾವ ಸಂಘದ ಸ್ಮರಣಸಂಚಿಕೆಯೂ ಬರೆದಿಟ್ಟಿಲ್ಲ.

ಇದೇ ಕಾಲದಲ್ಲಿ ಫೋರ್ಟಿನಿಂದ ಹೆಚ್ಚು ದೂರವಿಲ್ಲದ ನಾಗಪಾಡದಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. ಈಗ ಟಿಸ್ ಎಂದು ನಾವು ಕರೆಯುವ ಸಂಸ್ಥೆ 1936ರಲ್ಲಿ ಅಲ್ಲಿ ಹುಟ್ಟಿತು. ಮರುವರ್ಷ ಅದು ತೆರೆದ ಚೈಲ್ಡ್ ಗೈಡೆನ್ಸ್ ಕ್ಲಿನಿಕ್ ಭಾರತಕ್ಕೇ ಮೊದಲನೆಯದು. ಆ ಕಾಲದ ಇಂಥ ಕ್ಲಿನಿಕ್ಕುಗಳ ಸಾಮಾನ್ಯ ಪದ್ಧತಿ ಇದು: ಮಗುವನ್ನು ಡಾಕ್ಟರು ನೋಡುತ್ತಿದ್ದರು, ಪಕ್ಕದ ಕೋಣೆಯಲ್ಲಿ ಸಮಾಜಕಾರ್ಯಕರ್ತೆ ತಾಯಿಯ ಜತೆ ಮಾತಾಡುತ್ತಿದ್ದಳು. ಅಂದರೆ ತಾಯಿ ಮಾಹಿತಿ ಕೊಡುವವಳು. ನಮ್ಮ ಐಟಿ ಭಾಷೆಯಲ್ಲಿ ರಿಕ್ವೈರ್‌ಮೆಂಟ್ ಕೊಟ್ಟು ಮನೆಗೆ ಹೋಗುವ ಕ್ಲೈಂಟ್. ಫೋರ್ಟಿನ ಹುಡುಗರಿಗೋ, ಆ ಪಕ್ಕದ ಕೋಣೆಗೆ ಬರಲು ಯಾರೂ ಇರಲಿಲ್ಲ.

ಹೆತ್ತವರು ಪಕ್ಕದ ಕೋಣೆಯಿಂದ ರೋಗಿಯ ಹಾಸಿಗೆಯ ಬಳಿಗೆ ಬಂದದ್ದು 1950ರ ದಶಕದಲ್ಲಿ. ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಜತೆ ಮನೆಯವರನ್ನೂ ಇರಿಸಿಕೊಂಡರು. ಅವರ ಎದುರಿಗೇ ಚಿಕಿತ್ಸೆ, ಅವರಿಗೂ ತಿಳುವಳಿಕೆ. ಮನೆಯವರನ್ನು ಹೊರಗಿಡುವುದೇ ನಿಯಮವಾಗಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ವೆಲ್ಲೂರಿನ ಸಿಎಂಸಿಯೂ ಅದೇ ಜಾಡು ಹಿಡಿಯಿತು. 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇಡೀ ಕುಟುಂಬವನ್ನೇ ಸೇರಿಸಿಕೊಂಡು ನೋಡುವ ವಿಭಾಗವನ್ನು ಕಟ್ಟಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೂ 18 ತುಂಬದವರನ್ನು ದಾಖಲಿಸಿಕೊಂಡರೆ ಪೋಷಕರೋ ಅವರು ನೇಮಿಸಿದವರೋ ಅಷ್ಟೂ ದಿನ ಜತೆಗಿರಲೇಬೇಕು ಎನ್ನುತ್ತದೆ.

ಅಮೆರಿಕದ ಮಯಾಮಿಯಲ್ಲಿ ಹೋಸೆ ಸಪೋಚ್ನಿಕ್ ಮತ್ತು ಅವರ ಜತೆಗಾರರು 1970ರ ದಶಕದಲ್ಲಿ ಕ್ಯೂಬಾದಿಂದ ವಲಸೆ ಬಂದ ಕುಟುಂಬಗಳ ನಡುವೆ ಕೆಲಸ ಮಾಡಿದರು. ಅವರು ಕಂಡುಕೊಂಡದ್ದನ್ನು ಓದಿದಾಗ ನನಗೆ ಡೊಂಬಿವಲಿ, ಮೀರಾ ರೋಡ್ ಕಣ್ಣೆದುರು ಬಂದವು. ಹೊಸ ಊರಿನ ರೀತಿನೀತಿಯನ್ನು ಮಕ್ಕಳು ಬೇಗ ಕಲಿಯುತ್ತಾರೆ, ಹೆತ್ತವರು ನಿಧಾನ. ಈ ಅಂತರವೇ ಜಗಳವಾಗುತ್ತದೆ. ಮಗು ಮನೆಯಲ್ಲೇ ಪರದೇಶಿ. ಮನೆಯವರೆಲ್ಲ ಬರಲು ಒಪ್ಪದಿದ್ದರೆ ಬಂದ ಒಬ್ಬರ ಮೂಲಕವೇ ಕುಟುಂಬದ ನಡವಳಿಕೆ ಬದಲಿಸುವ ದಾರಿಯನ್ನೂ 1980ರ ದಶಕದಲ್ಲಿ ಅವರು ಪರೀಕ್ಷಿಸಿ ನೋಡಿದರು. ಅವರ ಕೆಲಸ ಹೆಚ್ಚಾಗಿ ದಾರಿತಪ್ಪುತ್ತಿದ್ದ ಹುಡುಗರ ಮೇಲೆ. ಖಿನ್ನತೆಗೆ ಸಿಕ್ಕ ಹದಿಹರೆಯದವರ ಚಿಕಿತ್ಸೆಯಲ್ಲಿ ಕುಟುಂಬಕ್ಕೆ ಅಂಟಿಕೊಂಡ ಅಲ್ಲಿನ ಬದುಕನ್ನು ಗಮನದಲ್ಲಿಟ್ಟ ಅಧ್ಯಯನ 1999ರಲ್ಲಿ ಪೋರ್ಟೊ ರಿಕೊದಿಂದ ಬಂತು.

ನಮ್ಮಲ್ಲಿ ಹೋಟೆಲ್ ಹುಡುಗರ ಕಾಲ ಮುಗಿಯಿತು ಎನ್ನಬಹುದು. 2006ರ ಅಕ್ಟೋಬರಿನಿಂದ ಹೋಟೆಲುಗಳಲ್ಲಿ 14ಕ್ಕಿಂತ ಕಿರಿಯರ ದುಡಿಮೆ ಕಾನೂನುಬಾಹಿರ. ಕೊಂಕಣ ರೈಲು ಬಂದ ಮೇಲೆ ಊರೂ ಹತ್ತಿರವಾಯಿತು. ಈಗ ಹೆತ್ತವರು ಒಂದೇ ಕೋಣೆಯ ಮನೆಯಲ್ಲಿ ಜತೆಗೇ ಇದ್ದಾರೆ. ಆದರೂ ಪರಿಚಯದ ಮನೆಯೊಂದರ ಹನ್ನೊಂದನೇ ಕ್ಲಾಸಿನ ಹುಡುಗಿಯನ್ನು ಡಾಕ್ಟರ ಬಳಿಗೆ ಕರೆದೊಯ್ದಾಗ ಆದದ್ದು ಕೇಳಿ. ಡಾಕ್ಟರದು ಇಂಗ್ಲಿಷು, ಹಿಂದಿ. ಅಮ್ಮನದು ತುಳು, ಕನ್ನಡ. ಹಿಂದಿ ತರಕಾರಿ ಮಾರ್ಕೆಟ್ಟಿಗೆ ಸಾಕಾಗುವಷ್ಟು. ಹಾಗಾಗಿ ಮಗಳೇ ದುಭಾಷಿ. ಡಾಕ್ಟರು ಐದು ನಿಮಿಷ ವಿವರಿಸಿದ್ದನ್ನು ಅವಳು ಅಮ್ಮನಿಗೆ ಹೇಳಿದ್ದು: ‘ಏನಿಲ್ಲಮ್ಮ, ಸುಸ್ತಂತೆ. ನಿದ್ದೆ ಮಾಡಬೇಕಂತೆ.’ ಮನಿಆರ್ಡರ್ ಚೀಟಿಯ ‘ನಾನು ಕ್ಷೇಮ’ಕ್ಕೂ ಇದಕ್ಕೂ ಏನು ವ್ಯತ್ಯಾಸ? ಮುಂದಿನ ಸಲ ಕನ್ನಡ ಬಲ್ಲ ಆಪ್ತಸಲಹೆಗಾರರೊಬ್ಬರನ್ನು ಹುಡುಕಿದೆವು. ಮಗಳನ್ನು ಹೊರಗೆ ಕೂರಿಸಿ ಅಮ್ಮನೊಬ್ಬಳ ಜತೆ ಅರ್ಧ ಗಂಟೆ ಮಾತು. ಅಮ್ಮ ಮೊದಲು ಹೇಳಿದ್ದು ಮಗಳ ವಿಷಯವನ್ನಲ್ಲ, ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದು ಹದಿನಾರನೇ ವಯಸ್ಸಿಗೆ ಊರಿಗೆ ವಾಪಸು ಬಂದು ಆಮೇಲೆ ಯಾರ ಹತ್ತಿರವೂ ಸರಿಯಾಗಿ ಮಾತಾಡದ ತನ್ನ ಅಣ್ಣನ ವಿಷಯವನ್ನು.

ಇಂಥ ಸಲಹೆಗಾರರು ಮುಂಬಯಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. ಕರೆಗೆ ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಫೋನು ಮಕ್ಕಳೇ ಮಾಡಬೇಕೆಂದಿಲ್ಲ, ಅಮ್ಮನೂ ಮಾಡಬಹುದು.