ಪೊಮೊಡೊರೊ ವಿಧಾನ

ಕೆಲಸದ ಸಮಯವನ್ನು ಚಿಕ್ಕ ಅವಧಿಗಳಾಗಿ ವಿಂಗಡಿಸಿ, ಒಂದು ಅವಧಿಯಲ್ಲಿ ಒಂದೇ ಕೆಲಸಕ್ಕೆ ಗಮನ ಕೊಡುವ ಸಮಯನಿರ್ವಹಣೆಯ ವಿಧಾನ. ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಅವರು ಬಳಸಿದ ಟೊಮೆಟೊ (ಇಟಾಲಿಯನ್‌ನಲ್ಲಿ ಪೊಮೊಡೊರೊ) ಆಕಾರದ ಅಡುಗೆಮನೆ ಟೈಮರ್‌ನಿಂದ ಈ ಹೆಸರು ಬಂದಿದೆ.

ಕ್ರಮ: ದಿನದ ಕೆಲಸಗಳನ್ನು ಪಟ್ಟಿಮಾಡಿ, ಒಂದನ್ನು ಆರಿಸಿಕೊಂಡು 25 ನಿಮಿಷಕ್ಕೆ ಟೈಮರ್ ಇಡಬೇಕು. ಅದು ಸದ್ದು ಮಾಡಿದಾಗ ಹಾಳೆಯಲ್ಲಿ ಗುರುತು ಹಾಕಿ ಸುಮಾರು 5 ನಿಮಿಷ ವಿರಮಿಸಬೇಕು. ಇಂಥ 4 ಅವಧಿಗಳ ನಂತರ 15ರಿಂದ 30 ನಿಮಿಷಗಳ ದೀರ್ಘ ವಿರಾಮ. ನಡುವೆ ಕೈಬಿಟ್ಟ ಅವಧಿ ಲೆಕ್ಕಕ್ಕೆ ಬರುವುದಿಲ್ಲ.

ಅಡ್ಡಿಗಳ ನಿರ್ವಹಣೆ: ಅಡ್ಡಿಗಳಲ್ಲಿ ಎರಡು ಬಗೆ. ಮೊಬೈಲ್ ನೋಡಬೇಕೆಂಬ ತುಡಿತ ಒಳಗಿನದು. ಅದನ್ನು ಬರೆದಿಟ್ಟು ಕೆಲಸ ಮುಂದುವರಿಸಬೇಕು. ಕರೆ, ಸಂದೇಶಗಳು ಹೊರಗಿನವು; ತುರ್ತಲ್ಲದವನ್ನು ವಿರಾಮಕ್ಕೆ ಮುಂದೂಡಬೇಕು. ನೋಟಿಫಿಕೇಶನ್ ನಿಲ್ಲಿಸಿ, ಫೋನನ್ನು ಕೈಗೆಟುಕದಂತೆ ಇಡುವುದು ಸಹಕಾರಿ.

ಆಧಾರ ಮತ್ತು ಮಿತಿ: ಕೆಲಸ ಬದಲಿಸಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿಯುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರ ಸಂಶೋಧನೆಯಲ್ಲಿ ತೋರಿಸಿದರು. ಒಂದೇ ಕೆಲಸಕ್ಕೆ ಅಂಟಿಕೊಳ್ಳುವ ನಿಯಮದ ಮಹತ್ವ ಇದರಿಂದ ಸ್ಪಷ್ಟವಾಗುತ್ತದೆ. ಓದು, ಬರವಣಿಗೆ, ಪ್ರೋಗ್ರಾಮಿಂಗ್‌ಗೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ. ಕರೆ ಬಂದೊಡನೆ ಸ್ಪಂದಿಸಬೇಕಾದ ಉದ್ಯೋಗಗಳಿಗೆ ಹೊಂದುವುದಿಲ್ಲ.